ಪಿಯಾನೊಗೆ ಹೂಂ ಅಂದವರು

ಹೊಸಬಾಳೆಯಲ್ಲಿ ಕಥೆ ಹೇಳುವವರಿಗೆ ಯಾವತ್ತೂ ಬರವಿರಲಿಲ್ಲ, ಬರವಿದ್ದದ್ದು ಹೂಂಗುಟ್ಟುವವರಿಗೆ. ಹೇಳುವವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಸರಿಯಾಗಿ 'ಹೂಂ' ಅನ್ನುವ ಒಬ್ಬರು ಎದುರಿಗಿಲ್ಲದಿದ್ದರೆ ಕಥೆ ಹೊರಡುವುದೇ ಇಲ್ಲ. ಗೋಡೆಗೆ ಯಾರು ಕಥೆ ಹೇಳುತ್ತಾರೆ? ವನಜಮ್ಮ ಆ ವಿದ್ಯೆಯಲ್ಲಿ ಪಳಗಿದವರು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಕಥೆಗಳಿಗೆಲ್ಲ ಹೂಂಗುಟ್ಟಿದ್ದರು. ಅತ್ತೆ ತೀರಿಕೊಂಡ ಮೇಲೆ ಮಾತ್ರ ಪಾಪ, ಕೆಲಸ ಹೋದವರ ಹಾಗೆ ಕೂತುಬಿಟ್ಟಿದ್ದರು.

ಮಗಳು ನಾಗವೇಣಿಯದು ಬೇರೆ ಬಗೆಯ ಕಿವಿ. ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ತಿರ ಸ್ಟುಡಿಯೊ ಇಟ್ಟಿರುವ ರಾಜಕುಮಾರ್, ಹೊರದೇಶದ ಹಳೆಯ ರೆಕಾರ್ಡುಗಳ ಗರಗರ ತೆಗೆಯುವ ಕೆಲಸವನ್ನು ಎಲ್ಲಿಂದಲೋ ಹಿಡಿದು ತಂದಿದ್ದರು. ಫೈಲುಗಳು ನಾಗವೇಣಿಯ ಲ್ಯಾಪ್‌ಟಾಪಿಗೆ ಬರುತ್ತಿದ್ದವು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಅವಳು ಕೆಮ್ಮು, ಕುರ್ಚಿಯ ಕಿರುಗುಡುವಿಕೆ, ಟೇಪಿನ ಸುಯ್ ಸದ್ದು ಎಲ್ಲವನ್ನೂ ಆರಿಸಿ ತೆಗೆದು ವಾಪಸು ಕಳಿಸುತ್ತಿದ್ದಳು.

ಈ ಸಲ ಬಂದದ್ದು ಯಾದ್ವಿಗಾ ಓರ್ಲೀಚ್ ಎಂಬ ಪೋಲೆಂಡಿನ ಪಿಯಾನೊ ವಾದಕಿಯದು. ಚಿಕ್ಕ ವಯಸ್ಸಿಗೇ ವಾರ್ಸಾದಲ್ಲಿ ಕಛೇರಿ ಕೊಟ್ಟು, ಎರಡನೇ ಮಹಾಯುದ್ಧ ಮುಗಿದ ಮೇಲೆ ಯೂರೋಪಿನ ದೊಡ್ಡ ಸಭಾಂಗಣಗಳಲ್ಲೆಲ್ಲ ನುಡಿಸಿದವಳು. ರೊಮ್ಯಾಂಟಿಕ್ ಕಾಲದ ಸಂಗೀತ, ಅದರಲ್ಲೂ ನಾಕ್ಟರ್ನ್ ಎಂಬ ಇರುಳಿನ ರಾಗಗಳು ಬೇಕೆಂದರೆ ಜನ ಅವಳ ರೆಕಾರ್ಡುಗಳನ್ನೇ ಹುಡುಕುತ್ತಿದ್ದರಂತೆ. ಪ್ರತಿ ಕಛೇರಿಯಲ್ಲೂ, ಪ್ರತಿ ರೆಕಾರ್ಡಿಂಗಿನಲ್ಲೂ ಅವಳ ತಂಗಿ ಪಕ್ಕದಲ್ಲಿ ಕೂತು ಕೇಳುತ್ತಿರಬೇಕಿತ್ತು. ತಂಗಿ ಸತ್ತ ಮೇಲೆ ಒಂದೇ ಒಂದು ಸಲ ಮನೆಯಲ್ಲಿ ನುಡಿಸಲು ಕೂತು, ನಡುವೆ ನಿಲ್ಲಿಸಿದವಳು ಸಾಯುವವರೆಗೆ ಮತ್ತೆ ಪಿಯಾನೊ ಮುಟ್ಟಲಿಲ್ಲ. ಆ ಅರ್ಧ ರಾಗದ ಟೇಪು ಈಗ ನಾಗವೇಣಿಯ ಮುಂದಿತ್ತು.

ಇಯರ್‌ಫೋನ್ ಹಾಕಿ ಹಾಕಿ ಕಿವಿ ನೋಯುತ್ತಿದ್ದರಿಂದ ಅವತ್ತು ಮಧ್ಯಾಹ್ನ ಅವಳು ಸ್ಪೀಕರ್ ಹಚ್ಚಿದಳು. ಪಕ್ಕದಲ್ಲಿ ವನಜಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಪಿಯಾನೊ ನಾಲ್ಕು ಹೆಜ್ಜೆ ನಡೆದು ನಿಂತಿತು.

"ಹೂಂ," ಅಂದರು ವನಜಮ್ಮ.

ನಾಗವೇಣಿಗೆ ನಗು ತಡೆಯಲಾಗಲಿಲ್ಲ. "ಅಮ್ಮಾ, ಅದು ಕಥೆ ಅಲ್ಲ ಮಾರಾಯ್ತಿ, ಬರೀ ಪಿಯಾನೊ."

"ನಿಂಗೇನು ಗೊತ್ತು? ಅವ್ಳು ಏನೋ ಹೇಳ್ತಾ ಇದಾಳೆ ಕಣೇ. ಹೂಂ ಅನ್ನದಿದ್ರೆ ನಿಲ್ಸಿಬಿಡ್ತಾಳೆ."

ರಾಗ ಮುಂದುವರಿಯಿತು. ಯಾದ್ವಿಗಾ ನುಡಿಸುವುದು ಬಿಟ್ಟು ಕೈ ಎತ್ತಿದ ಜಾಗ ನಾಗವೇಣಿಗೆ ಬಾಯಿಪಾಠವಾಗಿತ್ತು. ಆ ಜಾಗ ಬಂತು, ವನಜಮ್ಮ ಹೂಂ ಅಂದರು, ರಾಗ ನಿಲ್ಲಲಿಲ್ಲ. ಪರದೆಯ ಮೇಲೆ ಓಡುವ ಗೆರೆ ಫೈಲಿನ ಕೊನೆ ಮುಟ್ಟಿ ನಿಂತಿತ್ತು, ಸ್ಪೀಕರಿನಲ್ಲಿ ಮಾತ್ರ ಯಾರೂ ಎಂದೂ ಕೇಳಿರದ ಉಳಿದರ್ಧ ನಿಧಾನವಾಗಿ ಬರುತ್ತಿತ್ತು. ನಾಗವೇಣಿ ಬೆದರಿ ಸ್ಪೀಕರಿನ ವೈರು ಕಿತ್ತಳು.

ಸದ್ದು ನಿಂತಿತು, ಅಮ್ಮ ನಿಲ್ಲಲಿಲ್ಲ. ಕೈಯಲ್ಲಿ ಅರ್ಧ ಸುಲಿದ ಅವರೆಕಾಯಿ, ಕಣ್ಣು ಲ್ಯಾಪ್‌ಟಾಪಿನ ಮೇಲೆ, ತುಸು ಹೊತ್ತಿಗೊಂದು ಹೂಂ. ಎದ್ದೇಳಮ್ಮಾ ಅಂದರೂ ಹೂಂ, ಊಟಕ್ಕೆ ಬಾ ಅಂದರೂ ಹೂಂ, ಏಳುವುದು ಮಾತ್ರ ಇಲ್ಲ. ತುತ್ತು ಕಲಸಿ ಬಾಯಿಗಿಟ್ಟರೆ ಅನ್ನ ತುಟಿಯಿಂದ ಜಾರಿ ಸೆರಗಿಗೆ ಬಿತ್ತು. ಮರುದಿನ ಬೆಳಿಗ್ಗೆಯೂ ಅದೇ ಜಾಗ, ಅದೇ ಹೂಂ. ಬಾಯಿ ಒಣಗಿ ದನಿ ಸಣ್ಣಗಾಗಿತ್ತು. ಹೀಗೇ ಬಿಟ್ಟರೆ ಅಮ್ಮ ಉಳಿಯುವುದಿಲ್ಲ ಎಂದು ನಾಗವೇಣಿ ಅತ್ತುಬಿಟ್ಟಳು.

ಪಕ್ಕದ ಮನೆಯ ಚೌಡಪ್ಪಮಾವ ಬಂದು ನೋಡಿದರು. ಬಾಗಿಲಲ್ಲೇ ನಿಂತರು, ಒಳಗೆ ಕಾಲಿಡಲಿಲ್ಲ.

"ಕಥಿ ನಡುವೆ ನಿಲ್ಸಿದ್ಯಾ?"

"ಕಥೆ ಅಲ್ಲ ಮಾವ, ಅದು..."

"ಏನಾದ್ರೂ ಆಗ್ಲಿ. ಮುಗಿಯೋ ತನಕ ಹೂಂ ಅಂದೋರು ಏಳಂಗಿಲ್ಲ. ಏಳ್ಲೇಬೇಕು ಅಂದ್ರೆ ಇನ್ನೊಬ್ರು ಹೂಂ ಅನ್ಬೇಕು. ನಮ್ಮಜ್ಜಿ ಕಾಲ್ದಿಂದ ಇರೋ ಕಟ್ಟು ಅದು." ಇಷ್ಟು ಹೇಳಿ ಚೌಡಪ್ಪಮಾವ ತಿರುಗಿ ನೋಡದೆ ಹೋದರು. ಇನ್ನೊಬ್ಬರು ತಾವಾಗಬಾರದು ಎಂಬ ಅವಸರ ಅವರಿಗೆ!

ಮುಗಿಸಿಯೇ ಬಿಡೋಣ ಎಂದು ನಾಗವೇಣಿ ವೈರು ಸಿಕ್ಕಿಸಿದಳು. ಕೈ ಕೀಲಿ ಒತ್ತುವ ಮೊದಲೇ ಪಿಯಾನೊ ಶುರುವಾಯಿತು. ಮಧ್ಯಾಹ್ನವಾಯಿತು, ದನ ಮನೆಗೆ ಬಂದವು, ಅದು ಮುಗಿಯಲಿಲ್ಲ. ಅಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದವಳಿಗೆ ಕೇಳುವವರು ಸಿಕ್ಕರೆ ಒಂದೇ ದಿನಕ್ಕೆ ಮುಗಿಯುತ್ತದೆಯೇ?

ಅಷ್ಟರಲ್ಲಿ ರಾಜಕುಮಾರ್ ಫೋನು ಬಂತು.

"ಏನ್ರೀ ನಾಗವೇಣಿ, ಆ ಪೋಲೆಂಡಿಂದು ಮುಗೀತೇನ್ರಿ? ನನ್ ಹತ್ರ ಇರೋ ಒರಿಜಿನಲ್ಲು ಈಗ ಕೇಳಿದೆ. ನಡುನಡುವೆ ಯಾರೋ ಹೆಂಗಸು ಹೂಂ ಹೂಂ ಅಂತಾಳಲ್ರಿ. ಮೊದ್ಲು ಇರ್ಲಿಲ್ಲಪ್ಪ ಅದು. ಅದನ್ನೂ ತೆಗೆದುಬಿಡ್ರಿ."

ನಾಗವೇಣಿ ಫೋನು ಕೆಳಗಿಟ್ಟಳು. ಅವಳು ತನ್ನ ಫೈಲಿನಲ್ಲಿ ಸದ್ದನ್ನು ತೋರಿಸುವ ಗೆರೆಗಳನ್ನು ದೊಡ್ಡದು ಮಾಡಿ ನೋಡಿದಳು. ಪಿಯಾನೊ ಉಸಿರು ಬಿಟ್ಟ ಕಡೆಯಲ್ಲೆಲ್ಲ ಒಂದೊಂದು ಪುಟ್ಟ ಉಬ್ಬು. ಒಂದನ್ನು ಒತ್ತಿ ಕೇಳಿದಳು. ಅಮ್ಮನದೇ ದನಿ, ಗಟ್ಟಿಯಾದ, ಒಣಗದ ದನಿ. ಪಕ್ಕದಲ್ಲಿ ಕೂತ ಅಮ್ಮನ ತುಟಿ ಅಲ್ಲಾಡುತ್ತಿತ್ತು, ಸದ್ದು ಹೊರಡುತ್ತಿರಲಿಲ್ಲ. ಆ ಉಬ್ಬುಗಳನ್ನು ಅಳಿಸುವುದು ಅವಳಿಗೆ ಒಂದು ಚಿಟಿಕೆಯ ಕೆಲಸ. ಅಳಿಸಿದರೆ ಅಮ್ಮನಲ್ಲಿ ಏನು ಉಳಿಯುತ್ತದೆ ಎಂದು ನೆನೆದು ಅವಳು ಬೆರಳು ಹಿಂದಕ್ಕೆ ತೆಗೆದಳು.

ಅಮ್ಮನ ಮುಖ ನೋಡಿದಳು. ಒಂದೇ ದಿನದಲ್ಲಿ ಎಷ್ಟು ಬತ್ತಿಹೋಗಿದ್ದರು! ನಾಗವೇಣಿ ಅಮ್ಮನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. ಪಿಯಾನೊ ನಡೆದು ಬಂದು, ನಿಂತು, ಕಾಯಿತು.

"ಹೂಂ," ಅಂದಳು ನಾಗವೇಣಿ.

ವನಜಮ್ಮನ ಕೈಯಿಂದ ಅವರೆಕಾಯಿ ಬಿತ್ತು. ಅವರು ಮೊಣಕಾಲು ಒತ್ತಿಕೊಂಡು ಎದ್ದರು, ಚೊಂಬಿನ ನೀರನ್ನೆಲ್ಲ ಗಟಗಟ ಕುಡಿದರು, ಸೆರಗಿನ ಅನ್ನದಗುಳು ಕೊಡವಿದರು. "ಅಯ್ಯ, ಇದೇನೇ ಹೊತ್ತು ಮುಳುಗೇಬಿಡ್ತು! ನಿಂದು ಊಟ ಆತೇನೇ?"

ನಿನ್ನೆಯಿಂದ ನಾನೂ ಒಂದಗುಳು ಮುಟ್ಟಿಲ್ಲ, ಈ ವೈರು ಕೀಳು, ನನ್ನ ಕೈ ಹಿಡಿದು ಎಬ್ಬಿಸು ಎಂದು ನಾಗವೇಣಿ ಬಾಯಿ ತೆರೆದಳು.

"ಹೂಂ," ಅಂದಳು.

ವನಜಮ್ಮನಿಗೆ ಸಮಾಧಾನವಾಯಿತು. ತಾವು ಹೊಟ್ಟೆತುಂಬ ಉಂಡು, ಪಾತ್ರೆಯ ತಳದಲ್ಲಿ ಉಳಿದಿದ್ದ ಅನ್ನವನ್ನು ಗೋರಿಕೊಂಡು ಅವರು ನಾಯಿಗೆ ಹಾಕಲು ಹಿತ್ತಲಿಗೆ ಹೋದರು.