ಮೇಲಿನ ರೂಮಿನ ಭೀಮರಾಯ

ಭೀಮರಾಯ ಸತ್ತು ಒಂಬತ್ತು ದಿನವಾಗಿತ್ತು. ಪುಟ್ಟೇನಹಳ್ಳಿಯ ಪಿಳ್ಳಣ್ಣನಿಗೆ ಜನರ ಮಾತು ಕೇಳಿ ಕೇಳಿ ಸಾಕುಸಾಕಾಗಿತ್ತು. ಬಂದವರೆಲ್ಲ "ನಿಮ್ಮ ಬಾಡಿಗೆಯವರು ಹೋಗ್ಬಿಟ್ರಂತೆ, ಪಾಪ" ಅನ್ನೋರು. ಅದರ ಹಿಂದೆಯೇ "ರೂಮು ಖಾಲಿನಾ?" ಅನ್ನೋರು.

ಭೀಮರಾಯ ಸಿಂದಗಿ ಕಡೆಯವನು. ಸಿಟಿ ಬಸ್ ಕಂಡಕ್ಟರಾಗಿ ರಿಟೈರಾದವನು. ಮದುವೆಯಾಗಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಪಿಳ್ಳಣ್ಣನ ಮನೆಯ ಮೇಲಿನ ರೂಮಿನಲ್ಲಿದ್ದ. ಎದೆನೋವು ಅಂತ ಆಸ್ಪತ್ರೆ ಸೇರಿದವನು ತಿರುಗಿ ಬರಲಿಲ್ಲ. "ನೀವು ಅವರಿಗೆ ಏನಾಗ್ಬೇಕು?" ಅಂತ ನರ್ಸು ಕೇಳಿದಾಗ ಪಿಳ್ಳಣ್ಣ ಗಾಬರಿಯಲ್ಲಿ "ಮನೆ ಓನರ್ರು" ಅಂದುಬಿಟ್ಟಿದ್ದ. ಓನರನ್ನು ಐಸಿಯು ಒಳಗೆ ಯಾರು ಬಿಡ್ತಾರೆ? ಊರಿನಿಂದ ಅಣ್ಣನ ಮಕ್ಕಳು ಬಂದು ಹೆಣ ಒಯ್ದರು. ನಾನೂ ಬರ್ತೀನಿ ಅಂತ ಪಿಳ್ಳಣ್ಣ ಅಂದರೆ ಗಾಡೀಲಿ ಜಾಗ ಇಲ್ಲ ಅಂದರು.

ಐದನೇ ದಿನಕ್ಕೇ ಮಗ ದಿನೇಶ್ ಗೇಟಿಗೆ ಟು-ಲೆಟ್ ಬೋರ್ಡು ಕಟ್ಟಿದ. ಪಿಳ್ಳಣ್ಣ ಕಿತ್ತುಹಾಕಿದ. ಮಗ ಮತ್ತೆ ಕಟ್ಟಿದ, ಅಪ್ಪ ಮತ್ತೆ ಕಿತ್ತ. ಇವತ್ತು ಬ್ರೋಕರ್ ಉಗ್ರಪ್ಪ ಹೊಸದಾಗಿ ಮದುವೆಯಾದ ಜೋಡಿಯೊಂದನ್ನು ಕರಕೊಂಡೇ ಬಂದ. ಪಿಳ್ಳಣ್ಣ ಮೆಟ್ಟಿಲಿಗೆ ಅಡ್ಡ ಕೂತ. ಏಳಲೇ ಇಲ್ಲ. ಅವರು ಗೊಣಗುತ್ತಾ ವಾಪಸು ಹೋದರು.

"ಏನಪ್ಪಾ ನಿನ್ನ ಗೋಳು? ಅಮ್ಮ ಹೋದಾಗ್ಲೂ ನೀನು ಹಿಂಗೆ ಊಟ ಬಿಟ್ಟಿರ್ಲಿಲ್ಲ," ಅಂತ ದಿನೇಶ್ ರೇಗಿದ.

"ಅವನು ಬಾಡಿಗೆಯವನಲ್ಲ ಕಣೋ."

"ಗೊತ್ತು, ಫ್ರೆಂಡು."

"ಫ್ರೆಂಡಲ್ಲ."

"ಸರಿ, ಅಣ್ಣತಮ್ಮ ಇದ್ದಂಗೆ..."

"ಅಯ್ಯೋ ನಿನ್ನ! ಅಣ್ಣತಮ್ಮನೂ ಅಲ್ಲ!" ಪಿಳ್ಳಣ್ಣನಿಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಅರವತ್ತೇಳರ ಈ ವಯಸ್ಸಿನವರೆಗೂ ಬಚ್ಚಿಟ್ಟ ಮಾತು ಬಾಯಿಗೆ ಬಂದು ನಿಂತರೆ, ಈ ಮಗನಿಗೆ ಅದು ತಲೆಗೇ ಹತ್ತುತ್ತಿಲ್ಲ. "ಗಂಡ ಹೆಂಡ್ತಿ ಹೆಂಗಿರ್ತಾರೋ ಹಂಗಿದ್ವಿ ನಾವು. ತಿಳೀತಾ? ಇನ್ನೂ ಬಿಡಿಸಿ ಹೇಳ್ಬೇಕಾ?"

ದಿನೇಶನ ಮುಖ ಬಿಳಿಚಿಕೊಂಡಿತು. "ಮೆಲ್ಲಗೆ ಮಾತಾಡಪ್ಪಾ. ಪಕ್ಕದ ಮನೆಯೋರು ಕೇಳಿಸ್ಕೋತಾರೆ."

"ಕೇಳಿಸ್ಕೊಳ್ಳಿ! ಇಪ್ಪತ್ತೆರಡು ವರ್ಷ ಮೆಲ್ಲಗೇ ಮಾತಾಡಿದ್ದೀನಿ."

ದಿನೇಶ್ ಬೈಕ್ ತಗೊಂಡು ಹೊರಟೇಹೋದ. ಬಾಗಿಲಲ್ಲಿ ಸೊಸೆ ಶ್ವೇತ ನಿಂತಿದ್ದಳು.

"ಮಾವ, ಅತ್ತೆಗೆ ಗೊತ್ತಿತ್ತಾ?"

ಪಿಳ್ಳಣ್ಣನ ಸಿಟ್ಟೆಲ್ಲ ಜರ್ರನೆ ಇಳಿಯಿತು. "ಮಂಗಮ್ಮ ಕೇಳ್ಲಿಲ್ಲ. ನಾನು ಹೇಳ್ಲಿಲ್ಲ. ಹಬ್ಬ ಬಂದ್ರೆ ಮೇಲಕ್ಕೆ ಒಬ್ಬಟ್ಟು ಅವಳೇ ಕಳಿಸೋಳು. ಅವಳಿಗೆ ಅನ್ಯಾಯ ಮಾಡ್ದೆ ಕಣಮ್ಮ. ಅದನ್ನ ಯಾರ ಹತ್ರ ಹೇಳ್ಕೊಂಡು ಅಳ್ಲಿ?"

ಶ್ವೇತ ಮೊಬೈಲ್ ತೆಗೆದು, ಬಸ್ಸಿನ ಟಿಕೆಟ್ ಹುಡುಕುತ್ತಾ ಕೇಳಿದಳು: "ನಾಡಿದ್ದು ಅವರ ಊರಲ್ಲಿ ತಿಥಿ ಅಲ್ವಾ? ಬಸ್ಸಲ್ಲಿ ಕಿಟಕಿ ಪಕ್ಕ ಬೇಕಾ ನಿಮಗೆ?"

ತಿಥಿಯ ದಿನ ಸಿಂದಗಿ ಹತ್ತಿರದ ಆ ಹಳ್ಳಿಯಲ್ಲಿ ಭೀಮರಾಯನ ಅಕ್ಕ ದಾನಮ್ಮ ಪಿಳ್ಳಣ್ಣನ ಮುಖ ಕಂಡದ್ದೇ ಗದರಿದಳು. "ಪಿಳ್ಳಣ್ಣ ಹೌದಲ್ರಿ? ತಮ್ಮ ಫೋನ್ ಮಾಡಿದಾಗೆಲ್ಲ ನಿಮ್ಮ ಸುದ್ದೀನ ಹೇಳ್ತಿದ್ದ. ಮಣ್ಣಿಗೆ ಬರ್ಲಿಲ್ಲ, ಈಗ ಬಂದೀರಿ!"

"ಕರ್ಕೊಂಡು ಬರ್ಲಿಲ್ಲ ತಾಯಿ ಇವರು," ಅಂತ ಪಿಳ್ಳಣ್ಣ ಅಣ್ಣನ ಮಕ್ಕಳ ಕಡೆ ಕೈ ತೋರಿಸಿ ಸಣ್ಣ ಹುಡುಗನಂತೆ ದೂರು ಹೇಳಿದ. ಅಷ್ಟು ದಿನ ಬಾರದ ಅಳು ಅಲ್ಲಿ ಬಂತು. ದಾನಮ್ಮ ಆ ಹುಡುಗರನ್ನು ಚೆನ್ನಾಗಿ ಬೈದಳು. ಪಿಳ್ಳಣ್ಣನನ್ನು ಮನೆಯವರ ಸಾಲಿನಲ್ಲೇ ಊಟಕ್ಕೆ ಕೂರಿಸಿದಳು.

ಕೈ ತೊಳೆಯುವಾಗ ದಿನೇಶನ ಫೋನ್ ಬಂತು.

"ತಲುಪಿದ್ಯಾ?"

"ಹ್ಞೂಂ."

"ಬಿಪಿ ಮಾತ್ರೆ?"

"ತಗೊಂಡೆ."

ಆಮೇಲೂ ಮಗ ಫೋನ್ ಇಡಲಿಲ್ಲ. ಇವನಿನ್ನೂ ಏನು ಕೇಳ್ತಾನೋ ಅಂತ ಪಿಳ್ಳಣ್ಣ ಬೇವಿನ ನೆರಳಿಗೆ ಸರಿದು, ಫೋನು ಕಿವಿಗಿಟ್ಟುಕೊಂಡೇ ನಿಂತ.