ಹದಿನಾಲ್ಕು ಗಂಟೆಯ ಮೊದಲ ಚಾರ್ಜು

೨೦೧೬ರ ಮಾರ್ಚ್ ೩೦, ಬುಧವಾರ, ಸಂಜೆ ಆರು ನಲವತ್ತು. ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಮಗಳು ಅಪ್ಪನ ಎರಡು ಹೊಸ ಬ್ಯಾಟರಿಗಳನ್ನು ಚಾರ್ಜರಿನಲ್ಲಿ ಕೂರಿಸಿ, ಸ್ವಿಚ್ಚು ಒತ್ತಿ, ವೇಳೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮೊದಲ ಸಲ ಹದಿನಾಲ್ಕು ಗಂಟೆ ಚಾರ್ಜು ಮಾಡಬೇಕೆಂದು ಜೊತೆಗೆ ಬಂದ ಚೀಟಿಯಲ್ಲಿತ್ತು.

ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆ ಕಳೆದುಕೊಂಡ ಅಪ್ಪ ಕುತ್ತಿಗೆಗೆ ಒತ್ತಿ ಹಿಡಿಯುವ ಪುಟ್ಟ ಯಂತ್ರದಿಂದ ಮಾತಾಡುತ್ತಿದ್ದರು. ಹಳೆಯ ಬ್ಯಾಟರಿಗಳು ಕೈಕೊಟ್ಟು ವಾರವಾಗಿತ್ತು. ಆ ಯಂತ್ರಕ್ಕೆ ಬೇರೆ ಅಳತೆಯವು ಕೂರುವುದಿಲ್ಲ. ಅಂದಿನಿಂದ ಸ್ಲೇಟೇ ಗತಿ. ಮರುದಿನ ಹನ್ನೊಂದಕ್ಕೆ, ಆ ಯಂತ್ರದಲ್ಲಿ ಮಾತಾಡುವುದನ್ನು ಕಲಿಸಿದ ಸಿಸ್ಟರ್‌ಗೆ ಆಸ್ಪತ್ರೆಯಲ್ಲಿ ಬೀಳ್ಕೊಡುಗೆ. ಅವರ ಉಪಕಾರವನ್ನು ಬಾಯಿಬಿಟ್ಟೇ ಹೇಳಬೇಕೆಂದು ಅಪ್ಪ ನಾಲ್ಕು ಹಾಳೆ ಬರೆದಿಟ್ಟುಕೊಂಡಿದ್ದರು.

ಬೆಳಿಗ್ಗೆ ಎಂಟು ನಲವತ್ತಕ್ಕೆ ಮಗಳು ಹೋಗಿ ನೋಡಿದರೆ ಚಾರ್ಜರಿನ ದೀಪ ಆರಿತ್ತು. ಗೋಡೆಯ ಸ್ವಿಚ್ಚು ಆಫ್.

ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಮೂವತ್ತೆರಡು ವರ್ಷ ಲೈನ್‌ಮನ್ ಆಗಿದ್ದ ಅಪ್ಪ, ಮಲಗುವ ಮೊದಲು ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸದೆ ಹಾಸಿಗೆಗೆ ಹೋದವರಲ್ಲ.

"ಅಪ್ಪಾ, ರಾತ್ರಿ ಎಷ್ಟೊತ್ತಿಗೆ ಮಲಗಿದ್ರಿ?"

ಅಪ್ಪ ಒಂಬತ್ತು ಬೆರಳು ತೋರಿಸಿದರು. ಮರುಕ್ಷಣ ಅವರಿಗೂ ಹೊಳೆಯಿತು. ಕೈ ಹಾಗೇ ಗಾಳಿಯಲ್ಲಿ ನಿಂತಿತು.

ಮಗಳು ಮತ್ತೆ ಸ್ವಿಚ್ಚು ಹಾಕಿ ಲೆಕ್ಕ ಮಾಡಿದಳು. "ರಾತ್ರಿ ಚಾರ್ಜಾಗಿದ್ದು ಎರಡು ಗಂಟೆ ಇಪ್ಪತ್ತು ನಿಮಿಷ. ಈಗ ಹತ್ತು ಇಪ್ಪತ್ತಕ್ಕೆ ಹೊರಟ್ರೆ ಇನ್ನೊಂದು ಗಂಟೆ ನಲವತ್ತು ನಿಮಿಷ. ಒಟ್ಟು ನಾಲ್ಕು ಗಂಟೆ. ನಾಲ್ಕು ಹಾಳೆ ಆಗಲ್ಲಪ್ಪ, ನಾಲ್ಕು ಮಾತು ಹೇಳಿ ಸಾಕು."

ಅಪ್ಪ ಸ್ಲೇಟಿನಲ್ಲಿ ಬರೆದರು: 'ಇಷ್ಟು ಚಿಕ್ಕದಾಗಿ ನಿಮ್ಮಮ್ಮನ ಹತ್ರ ಮಾತ್ರ ಮಾತಾಡಿ ಅಭ್ಯಾಸ.'

"ಹೌದು ಪಾಪ," ಎಂದರು ಅಮ್ಮ, ಅವರ ಅಂಗಿ ಇಸ್ತ್ರಿ ಮಾಡುತ್ತಲೇ. "ಧ್ವನಿಪೆಟ್ಟಿಗೆ ತೆಗೆದ್ಮೇಲೂ ನಿಮ್ಮಪ್ಪನ ಬಾಯಿ ಮುಚ್ಚಿಸೋಕೆ ಬ್ಯಾಟರಿನೇ ಸಾಯಬೇಕಾಯ್ತು."

ಅಪ್ಪ ಸದ್ದಿಲ್ಲದೆ ಭುಜ ಕುಲುಕಿಸಿ ನಕ್ಕರು. ಆಮೇಲೆ ಹಾಳೆಗಳನ್ನು ಮುಂದಿಟ್ಟುಕೊಂಡು ಸಾಲು ಸಾಲಾಗಿ ಹೊಡೆದುಹಾಕತೊಡಗಿದರು. ಮಧ್ಯದಲ್ಲೇ ಯಂತ್ರ ನಿಂತುಬಿಟ್ಟರೆ ಎಂಬ ಭಯ ಅಪ್ಪ ಮಗಳು ಇಬ್ಬರಿಗೂ ಒಂದೇ.

ಆಸ್ಪತ್ರೆಯ ಊಟದ ಹಾಲ್‌ನಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಅಪ್ಪನ ಸರದಿ ಬಂದಾಗ ಎದ್ದು ನಿಂತು ಯಂತ್ರವನ್ನು ಕುತ್ತಿಗೆಗೆ ಒತ್ತಿದರು. ಜೇನುಹುಳುವಿನ ಗುಂಯ್‌ಗುಟ್ಟುವಿಕೆಯಂಥ ದನಿ ಹೊರಟಿತು.

"ಸಿಸ್ಟರ್, ಇದರಲ್ಲಿ ನಾನು ಮೊದಲು ಹೇಳಿದ ಮಾತು, ನೀರು. ಯಾರಿಗೂ ಅರ್ಥ ಆಗ್ಲಿಲ್ಲ. ನೀವು ಲೋಟ ತಂದ್ರಿ. ಅವತ್ತೇ ಗೊತ್ತಾಯ್ತು, ನಾನಿನ್ನೂ ಮನುಷ್ಯರ ಲೆಕ್ಕದಲ್ಲಿದೀನಿ ಅಂತ."

ಅಪ್ಪ ಯಂತ್ರ ಕೆಳಗಿಳಿಸಿದರು. ಸಿಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಅಷ್ಟೇನಾ? ಗಂಜಿ ಸಪ್ಪೆ ಅಂತ ನನ್ನ ಹತ್ರ ಜಗಳ ಆಡೋವಾಗ ಇದಕ್ಕಿಂತ ಉದ್ದ ಭಾಷಣ ಇತ್ತಲ್ಲ," ಎಂದರು ಸಿಸ್ಟರ್.

ಇಡೀ ಸಭೆ ನಕ್ಕಿತು. ಅಪ್ಪ ಮಗಳ ಕಡೆ ನೋಡಿದರು. ಚೀಟಿ, ಲೆಕ್ಕ, ನಾಲ್ಕು ಗಂಟೆ ಎಲ್ಲವೂ ಅವಳ ಕಣ್ಣಮುಂದೆ ಬಂದು ಹೋದವು. ಯಂತ್ರ ನಿಂತರೆ ನಿಲ್ಲಲಿ, ಹೇಳಬೇಕಾದದ್ದನ್ನು ಆಗಲೇ ಹೇಳಿಯಾಗಿತ್ತು. ಅವಳು ತಲೆಯಾಡಿಸಿದಳು.

ಅಪ್ಪ ಹೊಡೆದುಹಾಕಿದ್ದ ಸಾಲುಗಳನ್ನೆಲ್ಲ ನೆನಪಿನಿಂದಲೇ ಹೇಳಿದರು. ದನಿ ಒಮ್ಮೆಯೂ ಕುಗ್ಗಲಿಲ್ಲ.

ಮನೆಗೆ ಬಂದು ಮಗಳು ಬ್ಯಾಟರಿಗಳಿಗೆ ಮೀಟರು ಹಿಡಿದಳು. ಅಷ್ಟರಲ್ಲಿ ಅಪ್ಪ, ಯಾರೂ ಹೇಳದೆಯೇ, ಗೋಡೆಯ ಸ್ವಿಚ್ಚಿನ ಮೇಲೆ ಅಡ್ಡಕ್ಕೆ ಟೇಪು ಅಂಟಿಸುತ್ತಿದ್ದರು.

ಅವಳು ನೋಟ್‌ಬುಕ್ಕಿನಲ್ಲಿ ಬರೆದಳು: ಚಾರ್ಜು ನಾಲ್ಕು ಗಂಟೆ. ಮಾತು ಒಂಬತ್ತು ನಿಮಿಷ. ಈಗಲೂ ಒಂದೊಂದರಲ್ಲೂ ೧.೨೧ ವೋಲ್ಟ್, ಖಾಲಿಯಾಗಿಲ್ಲ.