ಕ್ವಾರಿ ನೀರಿನ ಪೊಂಗಲ್

ಯಾರೂ ಈ ಕಡೆ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕೃಷ್ಣಮ್ಮ ಪೂಜೆಯ ಬಿಂದಿಗೆಯ ನೀರನ್ನು ಶೆಡ್ಡಿನ ಹಿಂದೆ ಚೆಲ್ಲಿಬಿಟ್ಟಳು. ಅಕ್ಕಿ ತೊಳೆಯುವ ನೆಪದಲ್ಲಿ ಮನೆಯಿಂದ ತಂದಿದ್ದ ಕ್ಯಾನ್ ನೀರನ್ನು ಪಾತ್ರೆಗೆ ಸುರಿದು ಒಲೆ ಹೊತ್ತಿಸಿದಳು. ನೀರ ತಾಯಿ ಗಂಗಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಆಗಲಿ. ಈ ಕ್ವಾರಿ ನೀರಿನ ಹಣೆಬರಹ ಅವಳೂ ಕಂಡವಳೇ.

ಕಾಡುಗೋಡಿಯಾಚೆಯ ಈ ಕ್ವಾರಿಯಲ್ಲಿ ಕಲ್ಲು ಮುಗಿದ ಮೇಲೆ ಟ್ಯಾಂಕರುಗಳು ಬಂದು ಫ್ಯಾಕ್ಟರಿಗಳ ಬಣ್ಣದ ನೀರು ಸುರಿದು ಹೋಗುತ್ತಿದ್ದವು. ಅದನ್ನು ಕುಡಿದೇ ಕೃಷ್ಣಮ್ಮನ ಗಬ್ಬದ ಹಸು ಸತ್ತದ್ದು. ಈಗ ಯಾವುದೋ ಕಂಪನಿಯವರು ಕೆಸರೆತ್ತಿ, ದಂಡೆಗೆ ಹೊಂಗೆ ನೆಟ್ಟು, ಮಳೆನೀರು ನಿಲ್ಲಿಸಿ, ಕೆರೆ ಆಯ್ತು ಎನ್ನುತ್ತಿದ್ದರು. ಪುಣ್ಯಾತ್ಮರು! ಈ ಕಾಲದಲ್ಲಿ ಪುಗಸಟ್ಟೆ ಯಾರು ಏನು ಮಾಡುತ್ತಾರೆ?

ಹೊಸ ನೀರಿಗೆ ಊರಲ್ಲೊಂದು ಪದ್ಧತಿ. ಹಿರಿಯ ಹೆಂಗಸು ಮೊದಲ ಬಿಂದಿಗೆ ಎತ್ತಿ, ಅದರಲ್ಲೇ ಪೊಂಗಲ್ ಬೇಯಿಸಿ, ಗಂಗಮ್ಮನಿಗೆ ಎಡೆಯಿಟ್ಟು ತಾನು ತಿನ್ನಬೇಕು. ಅಲ್ಲಿಯವರೆಗೆ ಆ ನೀರನ್ನು ಯಾರೂ ಬಾಯಿಗೆ ಹಾಕುವುದಿಲ್ಲ.

ಕಂಪನಿಯ ಶಿವಾನಿ ಇಣುಕಿದಳು. "ಆಯ್ತಾ ಅಜ್ಜಿ? ಟೆಸ್ಟ್ ರಿಪೋರ್ಟ್ ಎಲ್ಲಾ ಓಕೆ ಇದೆ, ಭಯ ಬೇಡ."

"ರಿಪೋರ್ಟು ಗಿಪೋರ್ಟು ಇರ್ಲಿ ಬುಡಮ್ಮ. ನೀನು ತಿಂತೀಯ ತಾನೆ?"

"ತಿನ್ನದೆ? ಎರಡು ವರ್ಷದಿಂದ ಇದಕ್ಕೇ ಕಾಯ್ತಿದ್ದೀನಿ."

ಎಡೆಯಿಟ್ಟ ಮೇಲೆ ಕೃಷ್ಣಮ್ಮ ಎಲ್ಲರೆದುರು ತಿಂದಳು. ಶಿವಾನಿಯೂ ತಿಂದೇ ಬಿಟ್ಟಳು, ಎರಡನೇ ಸಲ ಹಾಕಿಸಿಕೊಂಡು. ತಿನ್ನುವಾಗ ಹುಡುಗಿಯ ಕಣ್ಣು ಒದ್ದೆಯಾಗಿತ್ತು. ನಾಟಕವೋ ಏನೋ ಎಂದುಕೊಂಡಳು ಕೃಷ್ಣಮ್ಮ. ನಾಟಕವಲ್ಲದಿದ್ದರೆ ಎಂಬ ಯೋಚನೆ ಅದಕ್ಕಿಂತ ಕಸಿವಿಸಿ ತಂದಿತು.

"ಕೃಷ್ಣಮ್ಮನೇ ತಿಂದ್ಲು ಅಂದ್ಮೇಲೆ ಇನ್ನೇನು!" ಎನ್ನುತ್ತ ಪಕ್ಕದ ಮನೆಯ ಆವಲಪ್ಪ ತನ್ನ ಹಸುಗಳನ್ನು ನೀರಿಗಿಳಿಸಿದ. ತಡಿಯೋ ಎನ್ನಬೇಕೆಂದು ಕೃಷ್ಣಮ್ಮ ಎರಡು ಹೆಜ್ಜೆ ಮುಂದಿಟ್ಟು ನಿಂತಳು. ಯಾಕೆ ಅಂತ ಕೇಳಿದರೆ ಏನು ಹೇಳುವುದು? ದೇವರ ಎಡೆಗೇ ಮೋಸ ಮಾಡಿದೆ ಅಂತಲೇ? ಊರೆಲ್ಲ ಮುಖಕ್ಕೆ ಉಗಿದೀತು.

ಅಷ್ಟರಲ್ಲಿ ಮಲಕವ್ವ ತುಂಬಿದ ಕೊಡ ಹೊತ್ತು ದಂಡೆ ಹತ್ತಿ ಬಂದಳು. ಕೃಷ್ಣಮ್ಮನ ವಠಾರದಲ್ಲಿ ಬಾಡಿಗೆಗಿರುವ ರಾಯಚೂರು ಕಡೆಯ ಹೆಂಗಸು, ಕಟ್ಟಡದ ಕೆಲಸದವಳು.

"ನೀವು ಉಂಡ್ರಲ್ರೀ ಅಮ್ಮಾರ, ಅದಕ್ಕ ಧೈರ್ಯ ಬಂತ್ ನೋಡ್ರಿ. ಇನ್ನ ಕುಡಿಯೂ ನೀರಿನ ಟ್ಯಾಂಕರ್ ಕಾಯೂದು ತಪ್ತು."

ಅವಳು ಕೊಡ ಇಳಿಸಿದ್ದೇ ತಡ, ಮಗಳು ನೀಲಾಂಬಿಕಾ ಲೋಟ ಅದ್ದಿ ಬಾಯಿಗೆ ಒಯ್ದಳು.

"ತಾ ಇಲ್ಲಿ!" ಕೃಷ್ಣಮ್ಮ ಲೋಟ ಕಿತ್ತುಕೊಂಡು ಗಟಗಟ ತಾನೇ ಕುಡಿದುಬಿಟ್ಟಳು.

ಮಲಕವ್ವ ನಕ್ಕಳು. "ಅಮ್ಮಾರಿಗೆ ಭಾಳ ನೀರಡಿಕಿ ಆಗಿತ್ತು ಕಾಣ್ತದ. ಕೂಸಿಗೂ ಒಂದೀಟು ಕೊಡ್ರಿ."

ನೀರು ತಣ್ಣಗಿತ್ತು. ವಾಸನೆ ಇರಲಿಲ್ಲ, ಕೆಟ್ಟ ರುಚಿಯೂ ಇರಲಿಲ್ಲ. ಹಸು ಸತ್ತ ವರ್ಷವೂ ನೀರಿಗೆ ವಾಸನೆ ಇರಲಿಲ್ಲ; ಕುಡಿದ ಹಸು ಒಂದು ರಾತ್ರಿ ಕಳೆದ ಮೇಲೆ ಸತ್ತಿತ್ತು. ನೀಲಾಂಬಿಕಾ ಕೈ ಚಾಚಿ ನಿಂತಿದ್ದಳು.

ಕೃಷ್ಣಮ್ಮ ಖಾಲಿ ಲೋಟವನ್ನು ಸೆರಗಿನೊಳಗೆ ಬಿಗಿಯಾಗಿ ಹಿಡಿದುಕೊಂಡಳು.

"ನಾಳೆ ಕುಡೀವಂತೆ ಮಗ," ಎಂದಳು. "ನಾಳೆ."